ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಅಪ್ಪ ಅಮ್ಮ

"ಬರುವ ಶನಿವಾರ ಬೆಳಿಗ್ಗೆ ಪೋಷಕರ ಸಭೆ. ತಪ್ಪದೆ ಹಾಜರಾಗಬೇಕು." ಇಂಥ ಒಂದು ಚೀಟಿಯನ್ನು ಶಾಲೆಯಿಂದ ಮನೆಗೆ ಒಯ್ಯುವಾಗ ನಿಮ್ಮ ಕಾಲು ತುಸು ಭಾರವಾಗುವುದಿಲ್ಲವೇ? ಚೀಟಿ ಓದಿದ ಅಪ್ಪ ಕೇಳುವ ಮೊದಲ ಪ್ರಶ್ನೆ, "ಏನು ಮಾಡ್ಕೊಂಡು ಬಂದೆ?" ಎಂಬುದೇ. ಪೋಷಕರನ್ನು ಕರೆಸುವುದೆಂದರೆ ಅಂಕಪಟ್ಟಿ ತೋರಿಸಲು, ಇಲ್ಲವೆ ದೂರು ಹೇಳಲು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಬೆತ್ತ ಹಿಡಿಯುವುದನ್ನು ಕಾನೂನು ನಿಷೇಧಿಸಿದ ಮೇಲೆ ಕೆಲವು ಶಾಲೆಗಳಲ್ಲಿ "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಎಂಬ ಮಾತೇ ಬೆತ್ತದ ಕೆಲಸ ಮಾಡುತ್ತಿದೆ.

ಆದರೆ ಅದೇ ಅಪ್ಪ ಅಮ್ಮಂದಿರಿಗೆ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇನ್ನೊಂದು ಕೆಲಸವಿದೆ. ಶಾಲೆ ಹೇಗೆ ನಡೆಯಬೇಕು, ಏನು ಕೊರತೆಯಿದೆ, ಬಂದ ಹಣ ಎಲ್ಲಿ ಹೋಯಿತು ಎಂಬುದನ್ನು ಅವರ ಜೊತೆ ಕುಳಿತು ನೋಡುವ ಕೆಲಸ. ಇದನ್ನು ಕಾಯಿದೆಯೇ ಅವರಿಗೆ ವಹಿಸಿದೆ. ಪರದೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಿ ಮುಗಿಸಲಾಗದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ತಿಂಗಳೂ ಮೂರು ನಾಲ್ಕು ದಿನ ಶಾಲೆಗೆ ಬರುವುದಿಲ್ಲ. ತರಗತಿ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಆ ದಿನಗಳ ಮುಂದೆ 'ಗೈರು' ಎಂದಿದೆ. ಗಣಿತದಲ್ಲಿ ದಶಮಾಂಶದ ಪಾಠ ನಡೆದದ್ದು ಅವಳು ಬಾರದ ದಿನಗಳಲ್ಲೇ. ಹೀಗಾಗಿ ಮುಂದಿನದು ಯಾವುದೂ ತಲೆಗೆ ಹತ್ತುತ್ತಿಲ್ಲ. "ಓದಿನಲ್ಲಿ ಆಸಕ್ತಿ ಇಲ್ಲ" ಎಂದು ಶಿಕ್ಷಕರು ತೀರ್ಮಾನಿಸಿದ್ದಾರೆ. ಮಗಳು ಯಾಕೆ ಹೋಗುತ್ತಿಲ್ಲವೆಂದು ತಾಯಿಗೆ ಚೆನ್ನಾಗಿ ಗೊತ್ತು. ಮುಟ್ಟಿನ ದಿನಗಳಲ್ಲಿ ಶಾಲೆಯ ಶೌಚಾಲಯಕ್ಕೆ ಹೋಗಲು ಅವಳಿಗೆ ಹೆದರಿಕೆ, ಒಳಗಿನ ಚಿಲಕ ಕಿತ್ತುಹೋಗಿದೆ. ಚಿಲಕ ಕಿತ್ತುಹೋಗಿರುವುದು ಜವಾನನಿಗೂ ಗೊತ್ತು, ಆದರೆ ಅದು ಇಷ್ಟು ದೊಡ್ಡ ವಿಷಯವೆಂದು ಅವನಿಗೆ ತಿಳಿಯದು. ಮುಖ್ಯೋಪಾಧ್ಯಾಯರ ಬಳಿ ಸಣ್ಣಪುಟ್ಟ ದುರಸ್ತಿಗೆಂದು ಹಣವಿದೆ, ಆದರೆ ಅವರಿಗೆ ಚಿಲಕದ ವಿಷಯವೂ ಗೊತ್ತಿಲ್ಲ, ಗೈರುಹಾಜರಿಯ ಕಾರಣವೂ ಗೊತ್ತಿಲ್ಲ.

ಇಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಒಂದೇ ಸಮಸ್ಯೆಯ ನಾಲ್ಕು ತುಣುಕುಗಳು ನಾಲ್ವರ ಬಳಿ ಇವೆ, ಅಷ್ಟೆ. ದೂರದರ್ಶನದ ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾರ್ಯಕ್ರಮ ನಡೆಯುವಾಗ ನಿರ್ಮಾಪಕ ಗಾಜಿನ ಆಚೆ ಕಂಟ್ರೋಲ್ ರೂಮಿನಲ್ಲಿರುತ್ತಾನೆ, ಕ್ಯಾಮೆರಾ ಹಿಡಿದವರು ಈಚೆ. ಇಬ್ಬರನ್ನೂ ಜೋಡಿಸುವುದು ಕಿವಿಗೆ ಸಿಕ್ಕಿಸಿಕೊಂಡ 'ಟಾಕ್‌ಬ್ಯಾಕ್' ಎಂಬ ಒಂದು ತಂತಿ. ಅದು ಕೈಕೊಟ್ಟರೆ ಪ್ರತಿಯೊಬ್ಬರೂ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದರೂ ಪರದೆಯ ಮೇಲೆ ಬರುವುದು ತಪ್ಪು ಚಿತ್ರ. ಶಾಲೆಗೂ ಮನೆಗೂ ನಡುವೆ ಇರಬೇಕಾದ ಆ ತಂತಿಯೇ ಪೋಷಕರ ಸಮಿತಿ.

ಕರ್ನಾಟಕದಲ್ಲಿ ಇದಕ್ಕೆ 'ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ' ಎಂದು ಹೆಸರು. ಊರಲ್ಲಿ ಎಲ್ಲರೂ ಕರೆಯುವುದು ಎಸ್‌ಡಿಎಂಸಿ ಎಂದೇ. ಇದಕ್ಕೆ ಮೊದಲೂ ಗ್ರಾಮ ಶಿಕ್ಷಣ ಸಮಿತಿ, ಬೆಟರ್‌ಮೆಂಟ್ ಕಮಿಟಿ ಎಂಬವು ಇದ್ದವು. ಅವುಗಳಲ್ಲಿ ಹೆಚ್ಚಾಗಿ ಊರಿನ ಪ್ರಮುಖರು ಕೂರುತ್ತಿದ್ದರು. ಅವರ ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿರಬೇಕೆಂಬ ನಿಯಮವೇನೂ ಇರಲಿಲ್ಲ. ಅಣುವಿಜ್ಞಾನಿ ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ ನೇಮಿಸಿದ ಶಿಕ್ಷಣ ಕಾರ್ಯಪಡೆ ಈ ಪದ್ಧತಿಯನ್ನು ಬದಲಿಸಲು ಸಲಹೆ ಮಾಡಿತು. ಪರಮಾಣುವಿನ ಒಳಗನ್ನು ಬಲ್ಲವರು ಹಳ್ಳಿಶಾಲೆಯ ಒಳಗನ್ನೂ ಬಗ್ಗಿ ನೋಡಿದ್ದು ನನ್ನಂಥ ವಿಜ್ಞಾನದ ವಿದ್ಯಾರ್ಥಿಗೆ ಸಂತೋಷದ ಸಂಗತಿ. 2001ರ ಏಪ್ರಿಲ್ 28ರಂದು ಹೊರಟ ಸರ್ಕಾರಿ ಆದೇಶ ಎಸ್‌ಡಿಎಂಸಿಗೆ ಜನ್ಮ ಕೊಟ್ಟಿತು. ಶಾಲೆಯಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಯರೇ ಸೇರಿ ತಮ್ಮೊಳಗಿನಿಂದ ಒಂಬತ್ತು ಮಂದಿಯನ್ನು ಆರಿಸಬೇಕು ಎಂಬುದು ಅದರ ತಿರುಳು. ಅಧ್ಯಕ್ಷರು ಪೋಷಕರಲ್ಲೊಬ್ಬರು, ಮುಖ್ಯೋಪಾಧ್ಯಾಯರು ಕಾರ್ಯದರ್ಶಿ.

ಎಂಟು ವರ್ಷಗಳ ನಂತರ ಸಂಸತ್ತು ಇದನ್ನೇ ದೇಶಕ್ಕೆಲ್ಲ ಅನ್ವಯಿಸುವಂತೆ ಕಾಯಿದೆ ಮಾಡಿತು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಪ್ರಕರಣವನ್ನು ನೀವು ಒಮ್ಮೆ ಓದಬೇಕು, ಬಹಳ ಉದ್ದವೇನಿಲ್ಲ. ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಂದಿ ಮಹಿಳೆಯರಿರಬೇಕು, ಹಿಂದುಳಿದ ಹಾಗೂ ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು ಎನ್ನುತ್ತದೆ ಅದು. ಶಾಲೆಯ ಕೆಲಸಕಾರ್ಯಗಳ ಮೇಲೆ ಗಮನವಿಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಸರಿಯಾಗಿ ಬಳಕೆಯಾಯಿತೇ ಎಂದು ನೋಡುವುದು ಇದರ ಕೆಲಸ. ಸರ್ಕಾರದ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಪ್ರಕರಣ ಅನ್ವಯಿಸುವುದಿಲ್ಲ. ಅಂಥ ಶಾಲೆಯಲ್ಲಿ ಓದುವವರು ನಿಮ್ಮಲ್ಲಿ ಅನೇಕರಿದ್ದೀರಿ. ನಿಮ್ಮ ಪೋಷಕರ ಸಂಘಕ್ಕೆ ಎಷ್ಟು ಅಧಿಕಾರವಿದೆಯೆಂಬುದು ಬಹುಮಟ್ಟಿಗೆ ಆಡಳಿತ ಮಂಡಳಿಯ ಮನಸ್ಸನ್ನು ಅವಲಂಬಿಸಿದೆ.

ಇದೇ ಕಾಯಿದೆಯ 24ನೆಯ ಪ್ರಕರಣವನ್ನು ಜನ ಅಷ್ಟಾಗಿ ಗಮನಿಸಿಲ್ಲ. ಶಿಕ್ಷಕರು ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸಬೇಕೆಂದು ಅದು ಹೇಳುತ್ತದೆ. ಪಾಠ ಮಾಡುವುದು ಹೇಗೆ ಕರ್ತವ್ಯವೋ ಇದೂ ಹಾಗೆಯೇ ಕರ್ತವ್ಯ. ಶಾಲೆಯಲ್ಲಿ ಏನೇನಿರಬೇಕು ಎಂಬುದಕ್ಕೆ ಕಾಯಿದೆಯ ಕೊನೆಯಲ್ಲಿ ಅನುಸೂಚಿಯೊಂದಿದೆ. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆಮನೆ, ಆಟದ ಮೈದಾನ, ಗ್ರಂಥಾಲಯ. ಒಂದರಿಂದ ಐದರವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠ. ಸಮಿತಿ ಯೋಜನೆ ಬರೆಯಲು ಕುಳಿತಾಗ ಈ ಅನುಸೂಚಿಯನ್ನು ಎದುರಿಗಿಟ್ಟುಕೊಂಡು, ಇದರಲ್ಲಿ ನಮ್ಮಲ್ಲಿ ಯಾವುದಿದೆ, ಯಾವುದಿಲ್ಲ ಎಂದು ಗುರುತು ಹಾಕುತ್ತ ಹೋದರೆ ಅರ್ಧ ಯೋಜನೆ ಮುಗಿದಂತೆಯೇ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಊರಿನಲ್ಲಿ ಏನಾಗುತ್ತದೆ? ಸಭೆ ಕರೆಯುವುದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಕೂಲಿಗೆ ಹೋಗುವ ತಾಯಿ ಹೊಲದಲ್ಲಿರುತ್ತಾಳೆ. ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಕೊನೆಗೆ ಬರುವವರು ನಾಲ್ಕೈದು ಮಂದಿ. ಕೋರಂ ಇಲ್ಲವೆಂದು ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುವುದೂ ಉಂಟು. ಮಹಿಳಾ ಸದಸ್ಯರ ಬದಲು ಅವರ ಯಜಮಾನರು ಬಂದು ಕೂರುವುದೂ ಉಂಟು. ಬಂದವರಲ್ಲಿ ಯಾರು ಕುರ್ಚಿಯ ಮೇಲೆ ಕುಳಿತಿದ್ದಾರೆ, ಯಾರು ಬಾಗಿಲ ಬಳಿ ನಿಂತೇ ಇದ್ದಾರೆ ಎಂದು ನೋಡಿದರೆ ಊರಿನ ಜಾತಿಯ ನಕ್ಷೆಯೇ ಕಾಣುತ್ತದೆ. ಇನ್ನು ಕೆಲವೆಡೆ ಎಸ್‌ಡಿಎಂಸಿ ಅಧ್ಯಕ್ಷಗಿರಿ ಪಂಚಾಯಿತಿ ಚುನಾವಣೆಗೆ ಏರುವ ಮೊದಲ ಮೆಟ್ಟಿಲು. ಸಮಿತಿಯ ಹೆಸರಿನಲ್ಲಿರುವ 'ಮೇಲುಸ್ತುವಾರಿ' ಎಂಬ ಪದವೂ ಸ್ವಲ್ಪ ತೊಂದರೆ ಕೊಟ್ಟಿದೆಯೆಂದು ನನಗೆ ಅನಿಸುತ್ತದೆ. ಅದನ್ನು ಕೇಳಿದ ಶಿಕ್ಷಕರಿಗೆ ತಮ್ಮ ತಲೆಯ ಮೇಲೆ ಒಬ್ಬ ಮೇಸ್ತ್ರಿ ಬಂದು ನಿಂತಂತಾಗುತ್ತದೆ. ಕೆಲವು ಸದಸ್ಯರೂ ಹಾಗೆಯೇ ನಡೆದುಕೊಳ್ಳುತ್ತಾರೆ.

ಜನರಿಗೆ ತಿಳಿವಳಿಕೆ ಕೊಟ್ಟರೆ ಎಲ್ಲ ಸರಿಹೋಗುತ್ತದೆಯೇ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರ ಸುಮಾರಿಗೆ ಇದನ್ನೇ ಪರೀಕ್ಷಿಸಿ ನೋಡಿದರು. 'ಪ್ರಥಮ್' ಸಂಸ್ಥೆಯೊಡನೆ ಈ ಪ್ರಯೋಗ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ಮುಂದೆ 2019ರಲ್ಲಿ ಇಬ್ಬರಿಗೂ ಅರ್ಥಶಾಸ್ತ್ರದ ನೊಬೆಲ್ ಬಂತು. ಹಳ್ಳಿಯ ಶಿಕ್ಷಣ ಸಮಿತಿಯೊಂದು ಇದೆಯೆಂಬುದೇ ಬಹುಪಾಲು ಪೋಷಕರಿಗೆ ಗೊತ್ತಿರಲಿಲ್ಲ. ತಮಾಷೆಯೆಂದರೆ, ತಾವೇ ಆ ಸಮಿತಿಯ ಸದಸ್ಯರೆಂದು ತಿಳಿಯದ ಸದಸ್ಯರೂ ಇದ್ದರು. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಸಮಿತಿಯ ಅಧಿಕಾರಗಳನ್ನು ವಿವರಿಸಿದರು. ಇನ್ನು ಕೆಲವೆಡೆ, ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ಸ್ವತಃ ಪರೀಕ್ಷಿಸುವುದನ್ನೂ ಊರವರಿಗೆ ಹೇಳಿಕೊಟ್ಟರು. ಇವೆರಡರಿಂದಲೂ ಶಾಲೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ. ಮೂರನೆಯ ಗುಂಪಿನ ಹಳ್ಳಿಗಳಲ್ಲಿ ಇವೆರಡರ ಜೊತೆಗೆ ಊರಿನ ಯುವಕ ಯುವತಿಯರಿಗೆ ಕೆಲವು ದಿನಗಳ ತರಬೇತಿ ಕೊಟ್ಟು, ಶಾಲೆಯ ಹೊತ್ತು ಮುಗಿದ ಮೇಲೆ ಓದು ಕಲಿಸುವ ಶಿಬಿರ ನಡೆಸಲು ಹೇಳಿದರು. ಅಲ್ಲಿ ಸಂಬಳವಿಲ್ಲದೆ ಸ್ವಯಂಸೇವಕರು ಮುಂದೆ ಬಂದರು, ಶಿಬಿರಕ್ಕೆ ಬಂದ ಮಕ್ಕಳ ಓದು ಗಮನಾರ್ಹವಾಗಿ ಸುಧಾರಿಸಿತು.

'ನಿಮಗೆ ಅಧಿಕಾರವಿದೆ' ಎಂದಾಗ ಅಲುಗದ ಜನ 'ಈ ಕೆಲಸವನ್ನು ಹೀಗೆ ಮಾಡಬಹುದು' ಎಂದಾಗ ಎದ್ದು ಬಂದರು ಎಂದಾಯಿತು. ಕಾಲೇಜಿನಲ್ಲಿರುವ ನೀವು ಆ ಸ್ವಯಂಸೇವಕರ ವಯಸ್ಸಿನವರೇ.

ಹಾಗಾದರೆ ಸಭೆಗೆ ಕುಳಿತವರು ಮಾತನಾಡಬೇಕಾದದ್ದು ಹೇಗೆ? ಇದಕ್ಕೆ ಬಹಳ ದೂರದ ಒಂದು ಊರಿನ ಅನುಭವವನ್ನು ಹೇಳಬೇಕು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರ, 1968. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷ. ಯೇಲ್ ವಿಶ್ವವಿದ್ಯಾನಿಲಯದ ಮಕ್ಕಳ ಮನೋವೈದ್ಯ ಜೇಮ್ಸ್ ಕೋಮರ್ ಆ ನಗರದ ಎರಡು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡರು. ನಗರದ 33 ಶಾಲೆಗಳಲ್ಲಿ ಕಲಿಕೆಯಲ್ಲಿ ಕಟ್ಟಕಡೆಯ ಎರಡು ಸ್ಥಾನ ಅವುಗಳದ್ದು. ಮಕ್ಕಳು ಬಹುತೇಕ ಎಲ್ಲರೂ ಕಪ್ಪು ಜನಾಂಗದವರು, ಬಡವರು. ಕೋಮರ್ ಕೂಡ ಅಂಥ ಮನೆಯಿಂದಲೇ ಬಂದವರು. ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕ, ತಾಯಿ ಮನೆಗೆಲಸದವಳು, ಶಾಲೆಯ ಭಾಗ್ಯ ಹೆಚ್ಚು ಕಂಡವಳಲ್ಲ. ಅವಳ ಐವರು ಮಕ್ಕಳು ಒಟ್ಟು ಹದಿಮೂರು ಪದವಿ ಪಡೆದರು.

ಮೊದಲ ವರ್ಷ ಗೊಂದಲವೋ ಗೊಂದಲ. ಸಿಟ್ಟಿಗೆದ್ದ ಪೋಷಕರು ಈ ಯೇಲ್‌ನವರನ್ನು ಹೊರಹಾಕಿ ಎಂದೇ ಕೂಗಾಡಿದರು. ನಂತರ ನಿಧಾನವಾಗಿ ಪ್ರತಿ ಶಾಲೆಯಲ್ಲೂ ಹನ್ನೆರಡರಿಂದ ಹದಿನೈದು ಮಂದಿಯ ಒಂದು ತಂಡ ರೂಪುಗೊಂಡಿತು. ಮುಖ್ಯೋಪಾಧ್ಯಾಯರು ಅದರ ಮುಂದಾಳು. ಶಿಕ್ಷಕರು, ಪೋಷಕರು, ಒಬ್ಬ ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ, ಬೋಧಕೇತರ ಸಿಬ್ಬಂದಿ ಸದಸ್ಯರು. ಅವರು ತಮಗೆ ತಾವೇ ಹಾಕಿಕೊಂಡ ನಿಯಮಗಳಲ್ಲಿ ಮೊದಲನೆಯದು, ತಪ್ಪು ಯಾರದ್ದೆಂದು ಹುಡುಕುವಂತಿಲ್ಲ. ಸಮಸ್ಯೆ ಏನು, ಮುಂದೇನು ಮಾಡೋಣ ಎಂಬುದಷ್ಟೇ ಚರ್ಚೆ. ಎರಡನೆಯದು, ಮತಕ್ಕೆ ಹಾಕುವಂತಿಲ್ಲ. ಮತಕ್ಕೆ ಹಾಕಿದರೆ ಗೆದ್ದವರು, ಸೋತವರು ಎಂದಾಗುತ್ತದೆ. ಸೋತವರು ಮರುದಿನದಿಂದ ಕೈಕಟ್ಟಿ ಕೂರುತ್ತಾರೆ. ಎಲ್ಲರೂ ಒಪ್ಪುವವರೆಗೆ ಮಾತನಾಡಬೇಕು. ಮೂರನೆಯದು ನನಗೆ ಬಹಳ ಹಿಡಿಸಿದ ನಿಯಮ. ಮುಖ್ಯೋಪಾಧ್ಯಾಯರು ತಂಡವನ್ನು ಬರಿಯ ಮೊಹರಿನಂತೆ ಬಳಸುವಂತಿಲ್ಲ. ತಂಡವೂ ಮುಖ್ಯೋಪಾಧ್ಯಾಯರ ಕೈ ಕಟ್ಟಿಹಾಕುವಂತಿಲ್ಲ.

ಈ ನಿಯಮಗಳ ಹಿಂದಿನ ದೃಷ್ಟಿ ಎಂಥದೆಂದು ತಿಳಿಯಲು ಕೋಮರ್ ಬರೆದಿರುವ ಒಂದು ಪ್ರಸಂಗ ಸಾಕು. ದಕ್ಷಿಣದ ಹಳ್ಳಿಗಾಡಿನಿಂದ ಎಂಟು ವರ್ಷದ ಹುಡುಗನೊಬ್ಬ ಈ ನಗರದ ಚಿಕ್ಕಮ್ಮನ ಮನೆಗೆ ಬಂದ. ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವನನ್ನು ಶಾಲೆಗೆ ಬಿಟ್ಟು ಹೊರಟುಹೋದಳು. ಗುರುತಿಲ್ಲದ ಕಟ್ಟಡ, ಗುರುತಿಲ್ಲದ ಮುಖಗಳು. ಅವನನ್ನು ತರಗತಿಗೆ ಕರೆದೊಯ್ದಾಗ ಕಂಗಾಲಾಗಿ ಶಿಕ್ಷಕಿಯ ಕಾಲಿಗೆ ಒದ್ದು ಹೊರಗೋಡಿದ. ಬೇರೆಲ್ಲಾದರೂ ಆಗಿದ್ದರೆ ಅವನಿಗೆ ಶಿಕ್ಷೆಯಾಗುತ್ತಿತ್ತು, 'ಒರಟು ಹುಡುಗ' ಎಂಬ ಹೆಸರು ಅಂಟಿಕೊಳ್ಳುತ್ತಿತ್ತು. ಇಲ್ಲಿ ಮಾತ್ರ ಶಿಕ್ಷಕರು ಕುಳಿತು, ಆ ಹುಡುಗನ ಕಣ್ಣಿನಿಂದ ಆ ಬೆಳಗ್ಗೆ ಹೇಗಿತ್ತೆಂದು ಯೋಚಿಸಿದರು. ಹೊಸದಾಗಿ ಬರುವ ಪ್ರತಿ ಮಗುವನ್ನೂ ಬರಮಾಡಿಕೊಂಡು ಶಾಲೆಯನ್ನು ಪರಿಚಯಿಸುವ ಕ್ರಮ ಶುರುವಾಯಿತು. ಮನೆಯಲ್ಲಿ ನೆಲೆಯಿಲ್ಲದೆ ಅಲೆಯುವ ಮಕ್ಕಳಿಗೆ ವರ್ಷಕ್ಕೊಮ್ಮೆ ಶಿಕ್ಷಕರೂ ಬದಲಾಗುವುದು ಕಷ್ಟವೆಂದು ಕಂಡು, ಒಬ್ಬರೇ ಶಿಕ್ಷಕರ ಬಳಿ ಎರಡು ವರ್ಷ ಇರುವ ವ್ಯವಸ್ಥೆ ಮಾಡಿದರು. ಪೋಷಕರು ತರಗತಿಯಲ್ಲಿ ಸಹಾಯಕರಾಗಿ ಬಂದರು, ಶಾಲೆಯ ಹಬ್ಬಗಳನ್ನು ತಾವೇ ಏರ್ಪಡಿಸಿದರು. 1984ರ ಹೊತ್ತಿಗೆ ಆ ಎರಡರಲ್ಲೊಂದಾದ ಕಿಂಗ್ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳು ಭಾಷೆ ಮತ್ತು ಗಣಿತದಲ್ಲಿ ನಗರದ ಅತ್ಯುತ್ತಮ ನಾಲ್ಕು ಶಾಲೆಗಳ ಸಾಲಿಗೆ ಬಂದಿದ್ದರು. ಮಕ್ಕಳು ಅದೇ ಬಡ ಮನೆಗಳವರೇ. ಹದಿನಾರು ವರ್ಷ ಹಿಡಿಯಿತು ಎಂಬುದನ್ನೂ ಮರೆಯಬೇಡಿ. ಒಂದೇ ವರ್ಷದಲ್ಲಿ ಫಲಿತಾಂಶ ಕೇಳುವ ನಮ್ಮ ಅವಸರಕ್ಕೆ ಇದು ಒಗ್ಗುವುದಿಲ್ಲ.

ಈಗ ನಮ್ಮ ಏಳನೆಯ ತರಗತಿಯ ಹುಡುಗಿಗೆ ಬರೋಣ. ಅವಳ ಬಗ್ಗೆ ಸಭೆಯಲ್ಲಿ ಎರಡು ರೀತಿ ಮಾತು ನಡೆಯಬಹುದು. "ನೋಡಮ್ಮಾ, ನಿಮ್ಮ ಹುಡುಗಿ ಸರಿಯಾಗಿ ಶಾಲೆಗೇ ಬರೋದಿಲ್ಲ, ಮನೆಗೆಲಸಕ್ಕೆ ಇಟ್ಕೊಂಡಿದ್ದೀರೇನು?" ಎಂದು ಮುಖ್ಯೋಪಾಧ್ಯಾಯರು ಆರಂಭಿಸಿದರೆ, ತಾಯಿಯ ಬಾಯಿ ಅಲ್ಲಿಗೇ ಕಟ್ಟಿತು. ಪಕ್ಕದಲ್ಲಿರುವ ಇನ್ನೊಬ್ಬ ಪೋಷಕರು, "ಮೇಷ್ಟ್ರುಗಳು ಸರಿಯಾಗಿ ಪಾಠ ಮಾಡಿದ್ರೆ ತಾನೆ ಸಾರ್ ಮಕ್ಕಳು ಬರೋದು?" ಎಂದರೆ ಶಿಕ್ಷಕರ ಮನಸ್ಸಿನ ಬಾಗಿಲೂ ಮುಚ್ಚಿತು. ಅದೇ ಮಾತನ್ನು, "ಏಳನೆಯ ತರಗತಿಯಲ್ಲಿ ಹುಡುಗಿಯರ ಗೈರು ಜಾಸ್ತಿ ಇದೆ. ಕಾರಣ ನನಗೆ ತಿಳೀತಾ ಇಲ್ಲ. ನಿಮಗೇನಾದರೂ ಗೊತ್ತಾ ಅಮ್ಮ?" ಎಂದು ತೆಗೆದು ನೋಡಿ. ಗಂಡಸರ ಎದುರು ಹೇಳಲು ಸಂಕೋಚವಾದರೆ ತಾಯಿ ಹೊರಗೆ ಬಂದು ಶಿಕ್ಷಕಿಯೊಬ್ಬರ ಕಿವಿಯಲ್ಲಿ ಹೇಳಿಯಾಳು. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಕಾಯಿದೆ ಹೇಳಿರುವುದು ಎಷ್ಟು ಸರಿಯೆಂಬುದು ಇಂಥಲ್ಲಿ ಗೊತ್ತಾಗುತ್ತದೆ. ಒಂದು ಚಿಲಕ, ನಾಲ್ಕು ಸ್ಕ್ರೂ, ಒಂದು ಮುಚ್ಚಳದ ಬುಟ್ಟಿ. ಆ ಸಂಜೆಯೇ ಆಗುವ ಕೆಲಸ. ತಪ್ಪಿಹೋದ ದಶಮಾಂಶವನ್ನು ಕಲಿಸಲು ಮಾತ್ರ ಇನ್ನೂ ಕೆಲವು ವಾರ ಬೇಕು.

ಬಿಸಿಯೂಟದಲ್ಲೂ ಇದೇ ಕ್ರಮ ನಡೆಯುತ್ತದೆ. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. ಕಿರಿಯ ಮಕ್ಕಳ ಒಂದು ಹೊತ್ತಿನ ಊಟದಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟರವರಿಗೆ 700 ಕ್ಯಾಲರಿ, 20 ಗ್ರಾಂ ಎಂದು ಲೆಕ್ಕವಿದೆ. ಸಾಂಬಾರಿನಲ್ಲಿ ಬೇಳೆ ಎಷ್ಟಿದೆ ಎಂಬುದು ತಟ್ಟೆಯ ಮುಂದೆ ಕುಳಿತ ನಿಮಗೇ ಮೊದಲು ತಿಳಿಯುವುದು. ತಿಂಗಳಿಗೆ ಎರಡು ಬಾರಿಯಾದರೂ ಇಬ್ಬರು ತಾಯಂದಿರು ಬಂದು ಮಕ್ಕಳ ಜೊತೆ ಉಂಡು ಹೋದರೆ ಅಡುಗೆಯವರಿಗೂ ಒಂದು ಬೆಂಬಲ. ಬೇಳೆ ತಡವಾಗಿ ಬಂದಿದ್ದರೆ ಅವರು ಅದನ್ನು ಹೇಳಿಕೊಳ್ಳಲು ಯಾರಾದರೂ ಬೇಕಲ್ಲ.

ಪೋಷಕರಿಗೆ ಸಲ್ಲದ ಕ್ಷೇತ್ರವೂ ಒಂದಿದೆ. ಯಾವ ಪಾಠವನ್ನು ಯಾವ ವಿಧಾನದಲ್ಲಿ ಕಲಿಸಬೇಕು, ಉತ್ತರಪತ್ರಿಕೆಗೆ ಎಷ್ಟು ಅಂಕ ಕೊಡಬೇಕು ಎಂಬುದು ಶಿಕ್ಷಕರ ವಿವೇಚನೆ. ಮಗುವಿಗೆ ಓದಲು ಬರುತ್ತಿಲ್ಲ ಎಂದು ಪೋಷಕರು ಹೇಳಬಹುದು, ಹೇಳಲೇಬೇಕು. ಹೀಗೆ ಕಲಿಸಿ ಎಂದು ಕರಿಹಲಗೆಯ ಮುಂದೆ ನಿಂತು ಅಪ್ಪಣೆ ಕೊಡುವುದು ಸರಿಯಲ್ಲ.

ಇನ್ನು ನಿಮ್ಮ ಪಾಲು. ದಿನಕ್ಕೆ ಆರು ಗಂಟೆ ಶಾಲೆಯಲ್ಲೂ ಉಳಿದ ಹೊತ್ತು ಮನೆಯಲ್ಲೂ ಇರುವವರು ನೀವೊಬ್ಬರೇ. ಎರಡೂ ಕಡೆಯ ಸುದ್ದಿ ನಿಮ್ಮ ಬಳಿ ಇದೆ. ಕರ್ನಾಟಕದಲ್ಲಿ 2006ರಿಂದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಬಂದಿದೆ. ಅಲ್ಲಿ ಎದ್ದು ನಿಂತು ಕೇಳಿದ್ದಕ್ಕೆ ಪಂಚಾಯಿತಿ ಅಧ್ಯಕ್ಷರು, ಅಧಿಕಾರಿಗಳು ಉತ್ತರ ಕೊಡಬೇಕಾಗುತ್ತದೆ. ಶಾಲೆಯ ಮಂತ್ರಿಮಂಡಲ ನಿಮ್ಮಲ್ಲೂ ಇರಬಹುದು; ಆರೋಗ್ಯ ಮಂತ್ರಿ ಬರೀ ಹೆಸರಿಗೆ ಇರಬೇಕಾಗಿಲ್ಲ.

ಆದರೆ ಕೇಳುವ ಮೊದಲು ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆಯುವ ಹಾಗೆ ಬರೆದಿಟ್ಟುಕೊಳ್ಳಿ. "ನಮ್ಮ ಶಾಲೆಯಲ್ಲಿ ನೀರೇ ಬರೋದಿಲ್ಲ" ಎಂದರೆ ಯಾರಾದರೂ "ಬರುತ್ತಪ್ಪಾ" ಎಂದು ಕೂರಿಸಿಬಿಡುತ್ತಾರೆ. ಎರಡು ವಾರ ಪ್ರತಿದಿನ ಮಧ್ಯಾಹ್ನ ಊಟದ ಹೊತ್ತಿಗೆ ನಲ್ಲಿ ತಿರುಗಿಸಿ ನೋಡಿ, ತಾರೀಖು ಹಾಕಿ, ಬಂತು ಅಥವಾ ಬರಲಿಲ್ಲ ಎಂದು ಗುರುತು ಮಾಡಿ. ಹನ್ನೆರಡು ದಿನಗಳಲ್ಲಿ ಏಳು ದಿನ ಬರಲಿಲ್ಲ, ಆ ಏಳೂ ಕರೆಂಟ್ ಹೋದ ದಿನಗಳು ಎಂದು ಕಂಡುಬಂದರೆ, ತೊಂದರೆ ನಲ್ಲಿಯದಲ್ಲ, ಮೋಟಾರಿನದು ಮತ್ತು ಟ್ಯಾಂಕಿನ ಅಳತೆಯದು ಎಂದಾಯಿತು. ಆ ಹಾಳೆಯನ್ನು ಅಪ್ಪ ಅಮ್ಮನ ಕೈಯಲ್ಲಿ ಕೊಟ್ಟು ಶನಿವಾರದ ಸಭೆಗೆ ಕಳಿಸಿ. ವಿಷಯ ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ, ಯಾವ ತಾರೀಖಿನೊಳಗೆ ಯಾರು ಮಾಡುತ್ತೇವೆಂದು ಒಪ್ಪಿಕೊಂಡರು ಎಂದು ಅವರು ಮನೆಗೆ ಬಂದ ಮೇಲೆ ಕೇಳಿ. ಮುಂದಿನ ತಿಂಗಳ ಸಭೆಯಲ್ಲಿ ಆ ಪುಟವನ್ನೇ ಮೊದಲು ತೆರೆದು ಓದಲು ಹೇಳಿ.